ಸರ್ವನಾಮದ ಲಿಂಗವೂ ಶರಣರ ಲಿಂಗವೂ

ಮನುಷ್ಯನು ದೊಡ್ಡ ಮಾತುಗಳನ್ನು ಆಡುವಾಗ ಎಚ್ಚರದಿಂದಿರುತ್ತಾನೆ. ಆಣೆ ಇಡುವಾಗ, ವಚನ ಕೊಡುವಾಗ, ಸಭೆಯಲ್ಲಿ ನಿಂತು ಸ್ತುತಿಸುವಾಗ ನಾಲಗೆಯನ್ನು ಬಿಗಿಹಿಡಿಯುವುದು ಲೋಕರೂಢಿ. ಆದರೆ ಅವನ ನಿಜವಾದ ಭಾವವು ಹೊರಬೀಳುವುದು ಚಿಕ್ಕ ಮಾತುಗಳಲ್ಲಿ. ಯಾರೂ ತೂಗಿ ನೋಡದ, ದಿನಕ್ಕೆ ನೂರು ಸಲ ಬಾಯಿಂದ ಜಾರುವ ಮಾತುಗಳಲ್ಲಿಯೇ ಅವನು ಎದುರಿನವರನ್ನು ಏನೆಂದು ಬಗೆದಿದ್ದಾನೆಂಬುದು ತಿಳಿದುಬರುವುದು. ಅಂತಹ ಚಿಕ್ಕ ಮಾತುಗಳಲ್ಲಿ ಅತಿ ಚಿಕ್ಕದು ಸರ್ವನಾಮ. ಹೆಸರಿಗೆ ಬದಲಾಗಿ ನಿಲ್ಲುವ ಈ ಪದವು ಹೆಸರುಳ್ಳವರಿಗೆ ಸಲ್ಲಬೇಕಾದ ಮನ್ನಣೆಯನ್ನೂ ಹೊತ್ತು ನಿಲ್ಲುವುದೋ ಇಲ್ಲವೋ ಎಂಬುದು ವಿಚಾರಾರ್ಹವಾದ ವಿಷಯ.

ಇಂದು ಬೀಳಗಿಯ ಸೀಮೆಯ ಮಕ್ಕಳೂ ಚಿಕ್ಕಂದಿನಲ್ಲಿಯೇ ಇಂಗ್ಲಿಷ್ ಕಲಿಯುತ್ತಾರೆ. ಅಲ್ಲಿ ಹೆಣ್ಣನ್ನು ಕುರಿತ ಪ್ರಥಮಪುರುಷದ ಏಕವಚನಕ್ಕೆ ಒಂದೇ ಪದ: ‘ಶೀ’. ಹೆತ್ತ ತಾಯಿಗೂ ‘ಶೀ’, ಕಲಿಸುವ ಗುರುಮಾತೆಗೂ ‘ಶೀ’, ಕಸ ಗುಡಿಸುವವಳಿಗೂ ‘ಶೀ’, ರಾಣಿಗೂ ‘ಶೀ’. ಈ ಒಂದು ಪದವನ್ನು ಕನ್ನಡಕ್ಕೆ ತರಹೊರಟ ಮಗುವಿನ ಮುಂದೆ ನಾಲ್ಕು ದಾರಿಗಳು ಕವಲೊಡೆಯುತ್ತವೆ. ‘ಅವಳು’ ಎನ್ನಬೇಕೋ, ‘ಆಕೆ’ ಎನ್ನಬೇಕೋ, ‘ಅವರು’ ಎನ್ನಬೇಕೋ, ಆಡುಮಾತಿನ ಸಲುಗೆಯಲ್ಲಿ ‘ಅದು’ ಎನ್ನಬೇಕೋ? ಇಂಗ್ಲಿಷ್ ನುಡಿಯುವವನು ಹೆಣ್ಣೋ ಗಂಡೋ ಎಂಬುದನ್ನು ತಿಳಿದರೆ ಸಾಕು. ಕನ್ನಡ ನುಡಿಯುವವನು ಅವರ ಹಿರಿತನವನ್ನೂ, ತನಗೂ ಅವರಿಗೂ ಇರುವ ಸಂಬಂಧವನ್ನೂ, ತನ್ನ ಮನಸ್ಸಿನಲ್ಲಿರುವ ಗೌರವವನ್ನೂ ಅಳೆದು ಪದವನ್ನು ಆರಿಸಬೇಕು. ಆದುದರಿಂದ ಕನ್ನಡಿಗನಿಗೆ ಸರ್ವನಾಮವು ಬರಿಯ ವ್ಯಾಕರಣವಲ್ಲ, ಆಚಾರವೂ ಹೌದು.

ಆ ‘ಶೀ’ ಎಂಬ ಪದದ ಹುಟ್ಟಿನ ಕಥೆಯೂ ಬೋಧಪ್ರದವಾಗಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಆ ಪದವಿರಲಿಲ್ಲ. ಆಗ ಗಂಡಿಗೆ ‘ಹೇ’, ಹೆಣ್ಣಿಗೆ ‘ಹೇಓ’, ನಪುಂಸಕಕ್ಕೆ ‘ಹಿತ್’ ಎಂಬ ರೂಪಗಳು ಬಳಕೆಯಲ್ಲಿದ್ದುವು. ಕಾಲಕ್ರಮದಲ್ಲಿ ಉಚ್ಚಾರಣೆಯು ಸವೆದು ಅನೇಕ ಪ್ರಾಂತಗಳಲ್ಲಿ ಮೊದಲಿನ ಎರಡು ರೂಪಗಳು ಒಂದೇ ಆಗಿ ಕೇಳಿಸತೊಡಗಿದುವು. ಗಂಡಿನ ಮಾತು ಯಾವುದು, ಹೆಣ್ಣಿನ ಮಾತು ಯಾವುದು ಎಂದು ಕಿವಿಗೆ ತಿಳಿಯದಂತಾಯಿತು. ಈ ತೊಡಕಿನ ನಡುವೆ ಹನ್ನೆರಡನೆಯ ಶತಮಾನದಲ್ಲಿ, ಎಂದರೆ ಕಲ್ಯಾಣದಲ್ಲಿ ಶರಣರು ಕೂಡಿದ್ದ ಅದೇ ಶತಮಾನದಲ್ಲಿ, ‘ಶ’ಕಾರದಿಂದ ಮೊದಲಾಗುವ ಹೊಸ ರೂಪವು ಕಾಣಿಸಿಕೊಂಡಿತು. ಪೀಟರ್‌ಬರೋ ಎಂಬ ಊರಿನ ಸನ್ಯಾಸಿಗಳ ಮಠದಲ್ಲಿ ಬರೆದಿಟ್ಟ ವೃತ್ತಾಂತಗ್ರಂಥದ ಕೊನೆಯ ಭಾಗದಲ್ಲಿ ಅದರ ಹಳೆಯ ರೂಪವೊಂದು ದೊರೆಯುತ್ತದೆ. ಅದು ಹಳೆಯ ‘ಹೇಓ’ ಎಂಬುದರಿಂದಲೇ ಮಾರ್ಪಟ್ಟು ಬಂದಿತೆಂದು ಕೆಲವು ಪಂಡಿತರ ಮತ. ‘ಸೇಓ’ ಎಂಬ, ಹೆಣ್ಣನ್ನು ತೋರಿಸಿ ಹೇಳುವ ದರ್ಶಕಪದದಿಂದ ಬಂದಿತೆಂದು ಇನ್ನು ಕೆಲವರ ಮತ. ಮೂಲವು ಯಾವುದೇ ಇರಲಿ, ಗಂಡಿನ ಪದದಲ್ಲಿ ಕರಗಿಹೋಗುತ್ತಿದ್ದ ಹೆಣ್ಣಿಗೆ ಆ ನಾಡಿನ ಮಾತಿನಲ್ಲಿ ಬೇರೊಂದು ನೆಲೆ ದೊರೆತುದು ‘ಶೀ’ ಎಂಬ ಈ ಪದದಿಂದ.

ಆದರೆ ಮಾತಿನಲ್ಲಿ ದೊರೆತ ನೆಲೆಯು ಶಾಸನದಲ್ಲಿ ಉಳಿಯಲಿಲ್ಲ. ಬ್ರಿಟಿಷರು 1860ರಲ್ಲಿ ರಚಿಸಿದ ಭಾರತೀಯ ದಂಡಸಂಹಿತೆಯ 8ನೆಯ ಕಲಮಿನಲ್ಲಿ, ‘ಅವನು’ ಎಂಬರ್ಥದ ಪುಲ್ಲಿಂಗದ ಸರ್ವನಾಮವು ಗಂಡಸಿಗೂ ಹೆಂಗಸಿಗೂ ಸಮನಾಗಿ ಅನ್ವಯಿಸತಕ್ಕದ್ದೆಂದು ವಿಧಿಸಲಾಯಿತು. 1897ರ ಸಾಮಾನ್ಯ ಖಂಡಗಳ ಅಧಿನಿಯಮವೂ ಪುಲ್ಲಿಂಗದ ಮಾತುಗಳಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ಸಾರಿತು. ‘ಅವನು’ ಎಂದರೆ ಅವಳೂ ಇದ್ದಾಳೆಂದು ತಿಳಿದುಕೊಳ್ಳಬೇಕು. ‘ಅವಳು’ ಎಂದರೆ ಅವನಿದ್ದಾನೆಂದು ಯಾರೂ ತಿಳಿಯರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯು ಆ ಪುಲ್ಲಿಂಗದ ಸರ್ವನಾಮವನ್ನೇ ಉಳಿಸಿಕೊಂಡು, ಅದು ಗಂಡಸಿಗೂ ಹೆಂಗಸಿಗೂ ಲಿಂಗಾಂತರಿ ವ್ಯಕ್ತಿಗೂ ಸಲ್ಲುವುದೆಂದು ಅರ್ಥವನ್ನು ವಿಸ್ತರಿಸಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇನ್ನೊಂದು ದಾರಿಯನ್ನು ಹಿಡಿಯಿತು. ಅದರ ಇಂಗ್ಲಿಷ್ ಪಾಠದಲ್ಲಿ ವ್ಯಕ್ತಿಯನ್ನು ‘ಶೀ’ ಎಂದೇ ಕರೆದು, ಆ ಪದವು ಯಾವ ಲಿಂಗದ ವ್ಯಕ್ತಿಗಾದರೂ ಅನ್ವಯಿಸುವುದೆಂದು ಹೇಳಲಾಗಿದೆ. ಗಂಡಸು ಇಲ್ಲಿ ಹೆಣ್ಣಿನ ಪದದೊಳಗೆ ಸೇರಿಕೊಳ್ಳಬೇಕಾಯಿತು. ಇದನ್ನು ಕೇಳಿ ಕೆಲವರು ನಕ್ಕಾರು. ಆದರೆ ನೂರಾರು ವರ್ಷ ಹೆಂಗಸು ಗಂಡಿನ ಪದದೊಳಗೆ ಸೇರಿಕೊಂಡಿದ್ದಾಗ ಯಾರಿಗೂ ನಗೆ ಬರಲಿಲ್ಲವೆಂಬುದನ್ನು ಅವರು ನೆನೆಯುವುದು ಒಳ್ಳೆಯದು.

ಇನ್ನು ಕನ್ನಡದ ಕಡೆಗೆ ತಿರುಗಿ ನೋಡಬೇಕು. ‘ಅವಳು’ ಎಂಬುದರ ಮೊದಲಿನ ‘ಅ’ಕಾರವು ದೂರದಲ್ಲಿರುವುದನ್ನು ತೋರಿಸುವ ದರ್ಶಕ; ಕೊನೆಯ ‘ಳ’ಕಾರವು ‘ಮಗಳು’ ಎಂಬಲ್ಲಿರುವಂತೆ ಹೆಣ್ಣಿನ ಗುರುತು. ಬೆರಳು ಮಾಡಿ ತೋರಿಸುವುದೇ ಈ ಪದದ ಮೂಲಾರ್ಥವೆಂದಂತಾಯಿತು. ನಮ್ಮ ನೆರೆಯ ತೆಲುಗಿನಲ್ಲಿ ಹೆಣ್ಣಿನ ಏಕವಚನಕ್ಕೂ ಪಶು, ವಸ್ತುಗಳ ಏಕವಚನಕ್ಕೂ ಕ್ರಿಯಾಪದದ ರೂಪವು ಒಂದೇ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಮೊದಲಾದ ವಿದ್ವಾಂಸರು ಈ ವಿಷಯವನ್ನು ಚರ್ಚಿಸಿದ್ದಾರೆ. ಕನ್ನಡವು ಹೆಣ್ಣಿಗೆ ಪ್ರತ್ಯೇಕವಾದ ರೂಪವನ್ನು ಕೊಟ್ಟಿತು. ಅದಕ್ಕಿಂತಲೂ ಹಿರಿದಾದ ಇನ್ನೊಂದು ಗುಣ ಕನ್ನಡದಲ್ಲಿದೆ. ‘ಅವರು’ ಎಂಬ ಗೌರವದ ಪದಕ್ಕೆ ಹೆಣ್ಣು ಗಂಡೆಂಬ ಭೇದವೇ ಇಲ್ಲ. ‘ಅವರು ಬಂದರು’ ಎಂದಾಗ ಬಂದವರು ತಾಯಿಯೋ ತಂದೆಯೋ ಎಂಬುದು ಆ ಮಾತಿನಿಂದ ತಿಳಿಯದು. ಬಂದವರು ಗೌರವಕ್ಕೆ ಅರ್ಹರೆಂಬುದು ಮಾತ್ರ ತಿಳಿಯುವುದು. ಮನ್ನಣೆಯು ಹೆಚ್ಚಿದಲ್ಲಿ ಲಿಂಗಭೇದವು ಅಳಿಯುವುದೆಂಬ ತತ್ತ್ವವು ಕನ್ನಡದ ವ್ಯಾಕರಣದಲ್ಲಿಯೇ ಅಡಗಿದೆ.

ಬೀಳಗಿ, ಮುಧೋಳ, ಜಮಖಂಡಿಗಳ ಆಡುಮಾತಿನಲ್ಲಿ ‘ಅವಳು’ ಎಂಬುದಕ್ಕಿಂತ ‘ಆಕಿ’ ಎಂಬುದೇ ಹೆಚ್ಚು ಬಳಕೆಯ ಮಾತು. ಇದು ಹಳೆಯ ‘ಆಕೆ’ ಎಂಬುದರ ರೂಪ. ‘ಆತ’ ಎಂಬುದಕ್ಕೆ ‘ಆಕೆ’ ಸರಿಜೋಡಿಯಾದ ಪದ; ಗ್ರಂಥಭಾಷೆಯಲ್ಲಿ ‘ಅವಳು’ ಎಂಬುದಕ್ಕಿಂತ ‘ಆಕೆ’ ಎಂಬುದು ಒಂದು ಮೆಟ್ಟಿಲು ಮೇಲಿನದು. ಆದುದರಿಂದ ಈ ಸೀಮೆಯ ಜನರಿಗೆ ಪರಂಪರೆಯಿಂದ ಬಂದ ಪದವು ಹಗುರಾದುದಲ್ಲ. ಅದರ ಬಳಕೆಯಲ್ಲಿ ಮಾತ್ರ ಒಂದು ವ್ಯತ್ಯಾಸವು ಬೆಳೆದುಬಂದಿದೆ. ಗೃಹಸ್ಥನು ತನ್ನ ಪತ್ನಿಯನ್ನು ಕುರಿತು ನಾಲ್ಕು ಜನರ ಮುಂದೆ ‘ನಮ್ಮಾಕಿ’ ಎನ್ನುವನು; ಆಕೆಯಾದರೋ ಅವನನ್ನು ‘ನಮ್ಮನಿಯವರು’ ಎನ್ನುವಳು. ‘ಆಕಿ ಹೇಳಿದಳು’ ಎಂದು ಅವನು. ‘ಅವರು ಹೇಳಿದರು’ ಎಂದು ಆಕೆ. ಅವನು ‘ಆತ’ನಾಗಿಯೇ ಉಳಿದಿದ್ದರೆ ಜೋಡಿಯು ಸಮನಾಗಿರುತ್ತಿತ್ತು. ಅವನು ‘ಅವರು’ ಎಂಬ ಪೀಠವನ್ನು ಏರಿದನು. ಆಕೆ ಇದ್ದಲ್ಲಿಯೇ ನಿಂತಳು. ಇಬ್ಬರ ಕೊರಳಲ್ಲಿಯೂ ಇಷ್ಟಲಿಂಗವಿದೆ. ಇಬ್ಬರೂ ಬೆಳಿಗ್ಗೆ ಅದೇ ವಿಭೂತಿಯನ್ನು ಧರಿಸಿ ಅದೇ ಪೂಜೆಯನ್ನು ಮಾಡಿದ್ದಾರೆ. ಪೂಜೆಯಲ್ಲಿ ಇಲ್ಲದ ತರತಮವು ಪಡಸಾಲೆಗೆ ಬಂದೊಡನೆ ಮಾತಿನಲ್ಲಿ ಏಕೆ ಕಾಣಿಸಿಕೊಳ್ಳಬೇಕು? ಇದೇ ಇಲ್ಲಿಯ ಮುಖ್ಯ ಪ್ರಶ್ನೆ.

‘ಅದು’ ಎಂಬ ಮಾತಿನ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಎಳೆಯ ಮಗುವನ್ನು ಅಕ್ಕರೆಯಿಂದ ‘ಅದು’ ಎನ್ನುವುದು ದೋಷವಲ್ಲ. ಆದರೆ ಬೆಳೆದ ಸೊಸೆಯನ್ನೋ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳನ್ನೋ ಕುರಿತು ‘ಅದಕ್ಕೇನು ತಿಳಿಯುತ್ತದೆ’ ಎಂದಾಗ ಅಲ್ಲಿ ಅಕ್ಕರೆಯಿಲ್ಲ. ಮನುಷ್ಯರನ್ನು ಮನೆಯ ಸಾಮಾನಿನ ಸಾಲಿಗೆ ಸೇರಿಸಿದ ಭಾವವಿದೆ. ಇದೇ ನಾಲಗೆಯು ಜಡವಾದುದನ್ನು ಚೇತನವಾಗಿ ಕಾಣಲೂ ಬಲ್ಲುದು. ಗಲಗಲಿಯ ಬಳಿ ಕೃಷ್ಣೆ ತುಂಬಿದಾಗ ‘ಹೊಳಿ ಬಂತು’ ಎಂದು ಕೂಗುವ ರೈತನೇ ಬಾಗಿನ ಬಿಡುವಾಗ ‘ಗಂಗವ್ವ’ ಎಂದು ಕೈಮುಗಿಯುವನು. ನೀರು ಒಂದೇ, ಭಾವವು ಬೇರೆಯಾದುದರಿಂದ ಪದವು ಬೇರೆಯಾಯಿತು. ಇಂಗ್ಲಿಷ್ ನಾವಿಕರು ಹಡಗನ್ನು ‘ಶೀ’ ಎಂದು ಅಭಿಮಾನದಿಂದ ಕರೆಯುತ್ತ ಬಂದುದೂ ಇದೇ ರೀತಿಯದು. ಲಂಡನ್ನಿನ ಹಳೆಯ ನೌಕಾಪತ್ರಿಕೆಯಾದ ಲಾಯ್ಡ್ಸ್ ಲಿಸ್ಟ್ 2002ರಲ್ಲಿ ಈ ರೂಢಿಯನ್ನು ಬಿಟ್ಟು ಹಡಗಿಗೆ ನಪುಂಸಕದ ಪದವನ್ನೇ ಬಳಸಲು ನಿಶ್ಚಯಿಸಿತು. ಮರದ ಹಡಗನ್ನೂ ಹರಿವ ಹೊಳೆಯನ್ನೂ ತಾಯಿಯಾಗಿ ಕಾಣಬಲ್ಲ ಮನುಷ್ಯನು ತನ್ನ ಮನೆಯ ಜೀವವನ್ನು ‘ಅದು’ ಎಂದು ಕಾಣುವುದಾದರೆ ದೋಷವು ಭಾಷೆಯದಲ್ಲ, ದೃಷ್ಟಿಯದು.

ವ್ಯಾಕರಣದಲ್ಲಿ ಸ್ತ್ರೀ, ಪುಂ, ನಪುಂಸಕವೆಂಬ ಭೇದಗಳಿಗೆ ‘ಲಿಂಗ’ವೆಂದೇ ಹೆಸರು. ಲಿಂಗವೆಂದರೆ ಗುರುತು. ಈ ಗುರುತು ಎಷ್ಟು ಅಸ್ಥಿರವಾದುದೆಂಬುದಕ್ಕೆ ಸಂಸ್ಕೃತವೇ ಸಾಕ್ಷಿ. ಪತ್ನಿಯೆಂಬ ಒಂದೇ ಅರ್ಥವುಳ್ಳ ಮೂರು ಪದಗಳಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ವ್ಯಕ್ತಿಯು ಒಬ್ಬಳೇ, ಪದದ ಲಿಂಗವು ಮಾತ್ರ ಮೂರು. ಕನ್ನಡದಲ್ಲಿಯೂ ‘ಹೆಣ್ಣು ಬಂದಿತು’, ‘ಗಂಡು ಬಂದಿತು’ ಎಂದು ಎರಡೂ ನಪುಂಸಕವಾಗುವುದುಂಟು. ಪದಕ್ಕೆ ಅಂಟಿದ ಲಿಂಗವು ವ್ಯಕ್ತಿಯ ಸ್ವರೂಪವನ್ನು ಹೇಳಲಾರದೆಂಬುದು ಇದರಿಂದ ಸ್ಪಷ್ಟ. ಶರಣರ ಲಿಂಗವಾದರೋ ಬೇರೆ. ಗುರುವು ಕರಸ್ಥಲಕ್ಕೆ ಕೊಟ್ಟ ಆ ಕುರುಹಿನಲ್ಲಿ ಸ್ತ್ರೀಗೊಂದು, ಪುರುಷನಿಗೊಂದು ಎಂಬ ವಿಭಾಗವಿಲ್ಲ. ವ್ಯಾಕರಣದ ಲಿಂಗವು ಒಂದನ್ನು ಮೂರಾಗಿ ಒಡೆಯುವುದು. ಶರಣರ ಲಿಂಗವು ಹಲವನ್ನು ಒಂದರಲ್ಲಿ ಕೂಡಿಸುವುದು. ಮೊದಲನೆಯದು ಮಾತಿಗೆ ಬೇಕು. ಆದರೆ ಎರಡನೆಯದನ್ನು ಧರಿಸಿದವರು ಮೊದಲನೆಯದರಿಂದ ಜನರ ಬೆಲೆಯನ್ನು ಕಟ್ಟುವುದು ಯುಕ್ತವಲ್ಲ.

ಈ ಮಾತನ್ನು ಶರಣರು ಸಿದ್ಧಾಂತವಾಗಿ ಹೇಳಿದರು, ನಡೆಯಲ್ಲಿಯೂ ತೋರಿದರು. ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯನವರು, ಹೆಣ್ಣು ಗಂಡೆಂಬ ಭೇದವು ದೇಹದ ಹೊರಗುರುತುಗಳಿಗೆ ಸಂಬಂಧಿಸಿದುದೇ ಹೊರತು ಒಳಗಿರುವ ಆತ್ಮಕ್ಕೆ ಸಂಬಂಧಿಸಿದುದಲ್ಲವೆಂದು ಬೋಧಿಸಿದರು. ರಬಕವಿ-ಬನಹಟ್ಟಿಯ ನೇಕಾರರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ಮನೆಯಲ್ಲಿ ಹೆಂಗಸರು ಕಂಡಿಕೆ ಸುತ್ತದಿದ್ದರೆ ಗಂಡಸರ ಲಾಳಿ ಓಡದು. ನೇಯ್ದು ಮುಗಿದ ಸೀರೆಯಲ್ಲಿ ಯಾವ ಎಳೆಯು ಯಾರ ಶ್ರಮವೆಂದು ಬೇರ್ಪಡಿಸಲಾಗದು. ಆದರೂ ಪೇಟೆಯಲ್ಲಿ ‘ಅವನು ನೇಯ್ದ ಸೀರೆ’ ಎನ್ನುವರಲ್ಲದೆ ‘ಅವರಿಬ್ಬರ ಸೀರೆ’ ಎನ್ನುವುದು ವಿರಳ.

ಶರಣೆಯರ ಹೆಸರುಗಳನ್ನು ಗಮನಿಸಿದರೆ ಇನ್ನೊಂದು ವಿಶೇಷವು ಕಾಣಬರುವುದು. ಮುಧೋಳದಲ್ಲಿ ಜನಿಸಿದ ರನ್ನಕವಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಜೈನಧರ್ಮದ ಮಹಾದಾನಿ ಅತ್ತಿಮಬ್ಬೆಯ ಹೆಸರಿನಲ್ಲಿ ತಾಯಿಯೆಂಬರ್ಥದ ‘ಅಬ್ಬೆ’ ಇದೆ. ಅರಸುಮನೆತನಗಳ ಹತ್ತಿರದವರಿಗೆ ಸಂದ ಇಂತಹ ಗೌರವವನ್ನು ಶರಣರು ಕಾಯಕದ ಹೆಣ್ಣುಮಕ್ಕಳೆಲ್ಲರಿಗೂ ಹರಡಿದರು. ರಾಟೆಯ ಕಾಯಕದವರು ಕದಿರ ರೆಮ್ಮವ್ವೆ. ಅಕ್ಕಿಯನ್ನು ಆಯುವವರು ಆಯ್ದಕ್ಕಿ ಲಕ್ಕಮ್ಮ. ಸತ್ಯಕ್ಕ, ಗೊಗ್ಗವ್ವೆ, ಮುಕ್ತಾಯಕ್ಕ, ಅಮುಗೆ ರಾಯಮ್ಮ ಹೀಗೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು. ಲೋಕವು ಹೀನವೆಂದು ಬಗೆದ ವೃತ್ತಿಯ ಹೆಸರನ್ನು ಹೊತ್ತ ಸೂಳೆ ಸಂಕವ್ವೆಗೂ ‘ಅವ್ವೆ’ ಎಂಬ ಪದವು ತಪ್ಪಲಿಲ್ಲ. ವಯಸ್ಸಿನಲ್ಲಿ ಕಿರಿಯರಾದ ಮಹಾದೇವಿಯವರನ್ನು ಅನುಭವಮಂಟಪದ ಹಿರಿಯರೆಲ್ಲ ‘ಅಕ್ಕ’ ಎಂದು ಕರೆದರು. ಇಂದಿಗೂ ಕನ್ನಡನಾಡಿನಲ್ಲಿ ಬರಿದೆ ‘ಅಕ್ಕ’ ಎಂದರೆ ಅವರೇ. ಸರ್ವನಾಮವು ದೂರದಿಂದ ಬೆರಳು ಮಾಡುವುದು; ‘ಅಕ್ಕ’, ‘ಅವ್ವ’ ಎಂಬ ಮಾತು ಹತ್ತಿರಕ್ಕೆ ಕರೆದು ಕೂಡಿಸಿಕೊಳ್ಳುವುದು.

ಆದರೂ ಪರಂಪರೆಯ ಹೊಗಳಿಕೆಯಲ್ಲಿ ಅದರ ಕೊರತೆಯನ್ನು ಮುಚ್ಚಿಡುವುದು ಶರಣರಿಗೆ ಒಪ್ಪುವ ಮಾತಲ್ಲ. ವಚನಕಾರ್ತಿಯರಲ್ಲಿ ಕೆಲವರು ‘ಇಂತಹವರ ಪುಣ್ಯಸ್ತ್ರೀ’ ಎಂದೇ ಪರಿಚಿತರು. ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀಯವರ ವಚನಗಳು ನಮಗೆ ಉಳಿದಿವೆ. ಅವರ ಸ್ವಂತ ಹೆಸರು ಮಾತ್ರ ಉಳಿಯಲಿಲ್ಲ. ಬಸವಣ್ಣನವರ ಕಾಲದ ಸಮಾನತೆಯನ್ನು ಕಾಲಾಂತರದಲ್ಲಿ ಓಲೆಗರಿಗಳನ್ನು ಪ್ರತಿಮಾಡಿದ ಕೈಗಳು ಪೂರ್ಣವಾಗಿ ಕಾಪಾಡಲಿಲ್ಲ. ಹೆಸರು ಅಳಿದುಹೋದ ಮೇಲೆ ‘ಅವರು’ ಎಂಬ ಗೌರವದ ಪದವಾದರೂ ಅವರಿಗೆ ಸಲ್ಲಬೇಕು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ‘ಶರಣಸತಿ ಲಿಂಗಪತಿ’ ಎಂಬುದು ನಮ್ಮ ಸಿದ್ಧಾಂತವಷ್ಟೆ. ಸತಿಯು ಪತಿಗೆ ಅಧೀನಳೆಂಬುದು ಅದರಿಂದಲೇ ಸಿದ್ಧವಾಗುವುದಲ್ಲವೇ ಎಂಬುದು ಆ ಆಕ್ಷೇಪ. ಇದು ಸಿದ್ಧಾಂತವನ್ನು ತಲೆಕೆಳಗು ಮಾಡಿದಂತೆ. ಈ ಭಾವದಲ್ಲಿ ಶರಣರೆಲ್ಲರೂ ಸತಿಯರು. ಉರಿಲಿಂಗದೇವರು ಪುರುಷರಾಗಿದ್ದೂ ತಮ್ಮನ್ನು ಸತಿಯೆಂದೇ ಭಾವಿಸಿ ನುಡಿದರು. ಬಸವಣ್ಣನವರೂ ಈ ಭಾವವನ್ನು ಅನುಭವಿಸಿದರು. ಮೀಸೆ ಹೊತ್ತ ಗಂಡಸೂ ಲಿಂಗದ ಮುಂದೆ ‘ಅವಳು’ ಎಂದಾದ ಮೇಲೆ ಪತಿಯೆನಿಸಿಕೊಳ್ಳುವ ಅಧಿಕಾರವು ಮನುಷ್ಯರಲ್ಲಿ ಯಾರಿಗೆ ಉಳಿಯಿತು? ಪತಿತ್ವವು ಲಿಂಗಕ್ಕೊಂದಕ್ಕೇ ಸಲ್ಲತಕ್ಕದ್ದು. ಮನೆಯೊಳಗಿನ ದಂಪತಿಗಳು ಒಬ್ಬನೇ ಒಡೆಯನಿಗೆ ಒಲಿದ ಇಬ್ಬರು ಸತಿಯರು. ಹೀಗಿರಲು ಈ ಸಿದ್ಧಾಂತವನ್ನು ಮುಂದೆ ಮಾಡಿ ಗಂಡಸು ಒಡೆತನವನ್ನು ಸಾಧಿಸುವುದು, ಲಿಂಗಕ್ಕೆ ಎತ್ತಿಟ್ಟ ಪ್ರಸಾದವನ್ನು ಅರ್ಪಿಸದೆ ತಾನೇ ಉಂಡಂತೆ.

ಮತ್ತೊಂದು ಆಕ್ಷೇಪವು ಹೆಚ್ಚು ಬಲವುಳ್ಳದು. ಏಕವಚನವು ಪ್ರೀತಿಯ ಗುರುತು. ತಾಯಿಯನ್ನು ‘ನೀನು’ ಎನ್ನುತ್ತೇವೆ, ಬಸವಣ್ಣನವರು ಕೂಡಲಸಂಗಮದೇವನನ್ನೂ ‘ನೀನು’ ಎಂದೇ ಕರೆದರು. ಹೀಗಿರುವಾಗ ಪತ್ನಿಯನ್ನು ‘ಆಕಿ’ ಎನ್ನುವುದರಲ್ಲಿ ತಪ್ಪೇನೆಂದು ಕೇಳಬಹುದು. ಇದು ನಿಜ. ಬಹುವಚನದಿಂದಲೇ ಗೌರವವು ಹುಟ್ಟುವುದಿಲ್ಲ. ‘ಅವರು’ ಎನ್ನುತ್ತಲೇ ಮನಸ್ಸಿನಲ್ಲಿ ತಿರಸ್ಕರಿಸುವ ಕಪಟವೂ ಲೋಕದಲ್ಲಿದೆ. ಆದರೆ ಪ್ರೀತಿಯ ಏಕವಚನಕ್ಕೆ ಒಂದು ಪರೀಕ್ಷೆಯುಂಟು. ಅದು ಎರಡೂ ಕಡೆಗೆ ಹರಿಯಬೇಕು. ಅವನಿಗೆ ‘ಆಕಿ’ ಎನ್ನುವ ಸಲುಗೆ ಇರುವಂತೆ ಆಕೆಗೂ ‘ಆತ’ ಎನ್ನುವ ಸಲುಗೆ ಇದೆಯೇ? ಆಕೆ ಎದುರಿಗಿದ್ದಾಗ ಆಡುವ ಮಾತೂ ಇಲ್ಲದಾಗ ಆಡುವ ಮಾತೂ ಒಂದೆಯೇ? ಈ ಎರಡು ಪ್ರಶ್ನೆಗಳಿಗೆ ಹೌದೆಂದು ಹೇಳಬಲ್ಲ ಮನೆಯಲ್ಲಿ ಏಕವಚನವೂ ಶೋಭಿಸುವುದು. ಹೇಳಲಾರದ ಮನೆಯಲ್ಲಿ ಪ್ರೀತಿಯೆಂಬುದು ರೂಢಿಯ ಮೇಲೆ ಹೊದಿಸಿದ ಬಟ್ಟೆಯಾಗಿರಬಹುದು.

ಪದವನ್ನು ಬದಲಿಸಿದ ಮಾತ್ರಕ್ಕೆ ಬಾಳು ಬದಲಾಗುವುದೇ ಎಂದು ಕೇಳುವವರೂ ಉಂಟು. ಆಗುವುದಿಲ್ಲ. ಮಗಳನ್ನು ‘ಅವರು’ ಎಂದು ಕರೆದು ಆಸ್ತಿಯಲ್ಲಿ ಪಾಲು ಕೊಡದಿದ್ದರೆ ಅದು ಬಾಯಿಯ ಉಪಚಾರ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯು ಮಗಳಿಗೂ ಮಗನಂತೆಯೇ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹಕ್ಕನ್ನು ಕೊಟ್ಟಿದೆ. ಅದನ್ನು ನಗುಮೊಗದಿಂದ ಸಲ್ಲಿಸುವುದು ನಡೆಯ ಮಾತು. ಆದರೆ ನುಡಿಯು ನಡೆಗೆ ದಾರಿ ಮಾಡುವುದೆಂಬುದನ್ನು ಮರೆಯಬಾರದು. ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಭಕ್ತರೆಲ್ಲರಿಗೂ ತಿಳಿದುದೇ. ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಕಂಡು, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಮಾರಯ್ಯನವರು ಆ ಮಾತನ್ನು ಹೆಂಗಸಿನ ಮಾತೆಂದು ತಳ್ಳಲಿಲ್ಲ. ಗುರುವಿನ ಮಾತಿನಂತೆ ನಡೆಸಿದರು. ಲಕ್ಕಮ್ಮನವರ ವಚನಾಂಕಿತದಲ್ಲಿ ಪತಿಯ ಹೆಸರು ಸೇರಿದೆ. ಪತಿಯ ಹೆಸರನ್ನು ಪ್ರೀತಿಯಿಂದ ಹೊತ್ತವರೇ ಪತಿಯನ್ನು ತಿದ್ದಿದರು. ಹಾಗೆ ತಿದ್ದಲು ಸಾಧ್ಯವಾದುದು ಆ ಮನೆಯಲ್ಲಿ ಅವರ ಮಾತಿಗೆ ತೂಕವಿದ್ದುದರಿಂದ. ‘ಅದಕ್ಕೇನು ತಿಳಿಯುತ್ತದೆ’ ಎನ್ನುವ ಮನೆಯಲ್ಲಿ ಲಕ್ಕಮ್ಮನಂತಹವರು ಇದ್ದರೂ ಅವರ ಮಾತು ಯಾರ ಕಿವಿಗೂ ಬೀಳದು.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಈ ಚಿಕ್ಕ ಮಾತನ್ನು ಚಿಕ್ಕದೆಂದು ಬಿಡಬಾರದು. ಇದಕ್ಕೆ ಶಾಸ್ತ್ರಗಳ ಪಾಂಡಿತ್ಯವು ಬೇಕಾಗಿಲ್ಲ. ಮನೆಯ ಹೆಣ್ಣುಮಕ್ಕಳ ವಿಷಯವನ್ನು ಎತ್ತಿದಾಗ ಅವರು ಬಾಗಿಲಿನ ಮರೆಯಲ್ಲಿ ನಿಂತು ಕೇಳುತ್ತಿದ್ದಾರೆಂದು ಭಾವಿಸಿ ನುಡಿದರೆ ಸಾಕು. ಮಕ್ಕಳ ಮುಂದೆ ಅವರ ತಾಯಿಯನ್ನು ಕುರಿತು ಆಡುವ ಪದವನ್ನು ತೂಗಿ ಆಡಿದರೆ ಸಾಕು. ತಂದೆಯು ತಾಯಿಯನ್ನು ಏನೆನ್ನುವನೋ ಮಗನು ನಾಳೆ ತನ್ನ ಪತ್ನಿಯನ್ನು ಅದನ್ನೇ ಎನ್ನುವನು. ಶಾಲೆಯಿಂದ ಬಂದ ಮಗುವು ‘ಶೀ’ ಎಂಬುದಕ್ಕೆ ಕನ್ನಡದಲ್ಲಿ ಏನೆಂದು ಕೇಳಿದರೆ, ‘ಯಾರ ಕುರಿತು ಹೇಳುತ್ತಿರುವೆ?’ ಎಂದು ಮೊದಲು ಕೇಳಿ, ಆ ವ್ಯಕ್ತಿಗೆ ಸಲ್ಲುವ ಪದವನ್ನು ಕಲಿಸುವುದು ಹಿರಿಯರ ಕರ್ತವ್ಯ.

ಶರಣರು ಪರಸ್ಪರ ಎದುರಾದಾಗ ಆಡುವ ‘ಶರಣು ಶರಣಾರ್ಥಿ’ ಎಂಬ ಮಾತಿನಲ್ಲಿ ಅವನು ಅವಳೆಂಬ ಭೇದವಿಲ್ಲ, ಹಿರಿಯ ಕಿರಿಯನೆಂಬ ಭೇದವೂ ಇಲ್ಲ. ಮಠದ ಅಂಗಳದಲ್ಲಿ ಜಂಗಮರಿಗೆ ಸಲ್ಲಿಸುವ ಈ ಮಾತನ್ನು ಒಮ್ಮೆ ಮನೆಯ ಒಲೆಯ ಮುಂದೆ ನಿಂತವರಿಗೂ ಮನಃಪೂರ್ವಕವಾಗಿ ಸಲ್ಲಿಸಿದರೆ, ಅವರ ಕುರಿತು ಮುಂದೆ ಆಡಬೇಕಾದ ಪದವು ಯಾವುದೆಂಬುದು ತಾನಾಗಿಯೇ ನಾಲಗೆಗೆ ಬರುವುದು.